ಪ್ಯಾರಿಸಿನ ಸೂರುಗಳ ಕೆಳಗೆ: ಬೀದಿ ಹಾಡುಗಾರನ ಮೇಲೆ 1930ರಲ್ಲಿ ಬಂದ ಚಿತ್ರದ ಬಗ್ಗೆ ಮಾತಾಡೋಣವೇ?

ನಸುಗೆಂಪು

ಗೆಳೆಯರೇ, ರೆನೆ ಕ್ಲೇರ್ 1930ರಲ್ಲಿ ನಿರ್ದೇಶಿಸಿದ ‘ಪ್ಯಾರಿಸಿನ ಸೂರುಗಳ ಕೆಳಗೆ’ ಚಿತ್ರದ ಬಗ್ಗೆ ಇಲ್ಲಿ ಈವರೆಗೆ ಚರ್ಚೆ ನಡೆದಂತಿಲ್ಲ. ಫ್ರೆಂಚಿನಲ್ಲಿ ಅದರ ಹೆಸರು ‘ಸು ಲೆ ತ್ವಾ ದ ಪಾರಿ’. ಫ್ರಾನ್ಸಿನ ಮೊದಮೊದಲ ಟಾಕಿಗಳಲ್ಲಿ ಒಂದು. ಬೀದಿಯಲ್ಲಿ ನಿಂತು ಹಾಡಿ, ಅದೇ ಹಾಡು ಅಚ್ಚಾದ ಹಾಳೆಗಳನ್ನು ಮಾರಿ ಬದುಕುವ ಆಲ್ಬೇರ್ ಇದರ ನಾಯಕ. ಹಿಮ್ಮೇಳಕ್ಕೆ ಅಕಾರ್ಡಿಯನ್. ಅಲೆಯುವುದಕ್ಕೆ ಬಡವರ ಓಣಿಗಳು.

ಕಥೆ ದೊಡ್ಡದಲ್ಲ. ರುಮೇನಿಯಾದಿಂದ ಬಂದ ಪೋಲಾ ಎಂಬ ಹುಡುಗಿಯನ್ನು ಆಲ್ಬೇರ್ ಮೆಚ್ಚುತ್ತಾನೆ, ಅವನ ಗೆಳೆಯ ಲೂಯಿಯೂ ಮೆಚ್ಚುತ್ತಾನೆ, ಫ್ರೆಡ್ ಎಂಬ ಪುಂಡನ ಕಣ್ಣೂ ಅವಳ ಮೇಲಿದೆ. ಜೇಬುಗಳ್ಳನೊಬ್ಬ ಕದ್ದ ಮಾಲನ್ನು ಆಲ್ಬೇರನ ಕೋಣೆಯಲ್ಲಿಟ್ಟು ಹೋದದ್ದರಿಂದ ಏನೂ ಮಾಡದ ಆಲ್ಬೇರ್ ಸೆರೆಮನೆ ಸೇರುತ್ತಾನೆ. ಹೊರಗೆ ಬರುವಷ್ಟರಲ್ಲಿ ಪೋಲಾಳ ಮನಸ್ಸು ಲೂಯಿಯ ಕಡೆ ವಾಲಿದೆ. ಆಲ್ಬೇರ್ ಹಿಂದೆ ಸರಿದು ಮತ್ತೆ ಬೀದಿಯಲ್ಲಿ ಹಾಡಲು ನಿಲ್ಲುತ್ತಾನೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಕಥೆಗಿಂತ ಹೆಚ್ಚಾಗಿ ಅದನ್ನು ಹೇಳುವ ರೀತಿ. ಕ್ಯಾಮೆರಾ ಮೊದಲು ಹೊಗೆಗೂಡುಗಳ ಮೇಲೆ ತೇಲುತ್ತದೆ. ಎಲ್ಲೋ ಕೆಳಗಿನಿಂದ ಹಾಡೊಂದು ಸಣ್ಣದಾಗಿ ಕೇಳುತ್ತದೆ. ಕ್ಯಾಮೆರಾ ಇಳಿದಂತೆ ದನಿ ಹತ್ತಿರವಾಗುತ್ತದೆ. ಓಣಿಯ ಮೂಲೆಯಲ್ಲಿ ಜನ ಗುಂಪುಗೂಡಿದ್ದಾರೆ, ನಡುವೆ ಆಲ್ಬೇರ್. ಅವನು ಬರಿದೇ ಹಾಡುತ್ತಿಲ್ಲ, ಹಾಡನ್ನು ಕಲಿಸುತ್ತಿದ್ದಾನೆ. ಹಾಳೆ ಕೊಂಡವರು ಅದನ್ನು ನೋಡಿಕೊಂಡು ದನಿಗೂಡಿಸುತ್ತಾರೆ. ಆಮೇಲೆ ಅದೇ ಹಾಡು ಅವನ ಹಂಗಿಲ್ಲದೆ ಊರಿನಲ್ಲಿ ಓಡಾಡುತ್ತದೆ. ಒಂದೇ ಕಟ್ಟಡದ ಬೇರೆ ಬೇರೆ ಅಂತಸ್ತುಗಳಲ್ಲಿ ಬೇರೆ ಬೇರೆ ಬಾಯಿಗಳು ಅದನ್ನೇ ಗುನುಗುತ್ತವೆ, ಕ್ಯಾಮೆರಾ ಗೋಡೆಯ ಹೊರಗಿನಿಂದಲೇ ಆ ಅಂತಸ್ತುಗಳನ್ನು ಹಾಯುತ್ತದೆ.

ಇಷ್ಟೆಲ್ಲ ಹಾಡಿದ್ದರೂ ಚಿತ್ರದಲ್ಲಿ ಮಾತು ಬಹಳ ಕಡಿಮೆ. ಕಾಫಿ ಅಂಗಡಿಯಲ್ಲಿ ಇಬ್ಬರು ಜಗಳವಾಡುತ್ತಾರೆ, ನಾವು ಗಾಜಿನ ಬಾಗಿಲಿನ ಈಚೆಗಿದ್ದೇವೆ, ತುಟಿಗಳು ಮಾತ್ರ ಕಾಣುತ್ತವೆ. ಈ ಮೌನವನ್ನು ನಾನು ಹಿಂಜರಿಕೆ ಎಂದು ಓದುವುದಿಲ್ಲ. ಮಾತಿನಿಂದ ಕಿತ್ತುಕೊಂಡ ಜಾಗವನ್ನು ಕ್ಲೇರ್ ಹಾಡಿಗೆ ಕೊಟ್ಟರು. ನೀವು ಏನನ್ನುತ್ತೀರಿ?

ಕೊಡೆಮರ

ನಾನು ಈ ಚಿತ್ರವನ್ನು ನೋಡಿದ್ದೇನೆ, ನಿಮ್ಮ ಮಾತನ್ನು ಒಪ್ಪುವುದು ನನಗೆ ಕಷ್ಟ. ಮೊದಲ ಕಾಲು ಗಂಟೆ ನಿಜಕ್ಕೂ ಚೆಂದ. ಅನಂತರ ಚಿತ್ರ ಎಳೆಯುತ್ತದೆ. ಗಾಜಿನ ಬಾಗಿಲಿನ ಹಿಂದೆ ಜನ ಮಾತಾಡುವುದನ್ನು ಒಮ್ಮೆ ತೋರಿಸಿದರೆ ಹೊಸತನ. ಮತ್ತೆ ಮತ್ತೆ ತೋರಿಸಿದರೆ, ಮೂಕಿ ಚಿತ್ರದ ನಿರ್ದೇಶಕರೊಬ್ಬರಿಗೆ ಹಳೆಯ ಕೈಚಳಕ ಬಿಡಲು ಮನಸ್ಸಿಲ್ಲ ಎಂದೇ ಅನ್ನಿಸುತ್ತದೆ. ಕ್ಲೇರ್ ಆ ಹೊತ್ತಿಗೆ ‘ಇಟಲಿಯ ಹುಲ್ಲು ಟೋಪಿ’ಯಂಥ ಮೂಕಿ ಹಾಸ್ಯಚಿತ್ರಗಳಿಂದ ಹೆಸರು ಮಾಡಿದ್ದವರು.

ಇನ್ನೊಂದು ತಕರಾರು ಇದಕ್ಕಿಂತ ದೊಡ್ಡದು. ಊರಲ್ಲಿ ಅಲೆಯುವ ಸಂಗೀತಗಾರರ ಚಿತ್ರ ಎನ್ನುತ್ತೇವೆ, ಆದರೆ ಅವರು ಅಲೆಯುವ ಊರು ಎಲ್ಲಿದೆ? ಅದು ಪ್ಯಾರಿಸಿನ ಹತ್ತಿರದ ಎಪಿನೇ ಸ್ಟುಡಿಯೋದಲ್ಲಿ ಕಟ್ಟಿದ ಓಣಿ. ಸೂರುಗಳು ಹಲಗೆ ಮತ್ತು ಗಾರೆಯವು. ಪ್ಯಾರಿಸಿನವರೇ ಆದ ನಿರ್ದೇಶಕರು ಪ್ಯಾರಿಸಿನ ಬೀದಿಗಿಳಿಯದೆ ಮಾಡಿದ ಪ್ಯಾರಿಸ್ ಚಿತ್ರ ಇದು. ಬಡತನ ಕೂಡ ಇಲ್ಲಿ ಅಂದವಾಗಿ ಒಪ್ಪವಾಗಿದೆ. ಯಾರಿಗೂ ಹಸಿವಾಗುವುದಿಲ್ಲ, ಯಾರ ಕೋಣೆಯೂ ಸೋರುವುದಿಲ್ಲ.

ಧ್ವನಿಪೆಟ್ಟಿಗೆ

ಧ್ವನಿಮುದ್ರಣ ನನ್ನ ಹೊಟ್ಟೆಪಾಡು, ಆದ್ದರಿಂದ ಆ ಕಡೆಯಿಂದ ನಾಲ್ಕು ಮಾತು ಬರೆಯುತ್ತೇನೆ.

1930ರ ಸುಮಾರಿಗೆ ಕ್ಯಾಮೆರಾ ಓಡುವಾಗ ಜೋರಾಗಿ ಸದ್ದು ಮಾಡುತ್ತಿತ್ತು. ಮೈಕಿಗೆ ಆ ಸದ್ದು ತಾಗಬಾರದೆಂದು ಕ್ಯಾಮೆರಾವನ್ನೂ ಅದನ್ನು ನಡೆಸುವವನನ್ನೂ ಗಾಳಿಯಾಡದ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸುತ್ತಿದ್ದರು. ಆ ಕೋಣೆಯನ್ನು ಬೇಕೆಂದ ಹಾಗೆ ಅಲುಗಾಡಿಸಲು ಆಗುತ್ತಿರಲಿಲ್ಲ. ನಟರು ಹೂಕುಂಡದಲ್ಲೋ ಮೇಜಿನ ದೀಪದಲ್ಲೋ ಬಚ್ಚಿಟ್ಟ ಮೈಕಿನ ಸುತ್ತ ನಿಂತು ಮಾತಾಡಬೇಕಿತ್ತು. ಮೂಕಿ ಕಾಲದ ಕೊನೆಯಲ್ಲಿ ಹಕ್ಕಿಯಂತೆ ಹಾರುತ್ತಿದ್ದ ಕ್ಯಾಮೆರಾ ಒಮ್ಮೆಲೇ ಕಾಲು ಮುರಿದು ಕೂತದ್ದು ಹೀಗೆ. ಬೀದಿಯಲ್ಲಿ ಚೊಕ್ಕ ಧ್ವನಿ ಹಿಡಿಯುವುದಂತೂ ದೂರದ ಮಾತು.

ಕ್ಲೇರ್ ಇದಕ್ಕೆ ಕಂಡುಕೊಂಡ ದಾರಿ ಸರಳ. ಮಾತು ಬೇಡವಾದ ಕಡೆ ಮೂಕಿಯಂತೆಯೇ ಚಿತ್ರೀಕರಿಸಿ, ಹಾಡನ್ನೂ ಸದ್ದನ್ನೂ ಆಮೇಲೆ ಕೂಡಿಸುವುದು. ಇಡೀ ಚಿತ್ರದಲ್ಲಿ ಮಾತು ಕೇಳಿಸುವ ಭಾಗ ಸುಮಾರು ಕಾಲು ಪಾಲು. ಉಳಿದ ಮುಕ್ಕಾಲು ಪಾಲಿನಲ್ಲಿ ಕ್ಯಾಮೆರಾ ಸ್ವತಂತ್ರ. ನಸುಗೆಂಪು ಅವರು ಹೇಳಿದ ಚಾವಣಿಯಿಂದ ಬೀದಿಗೆ ಇಳಿಯುವ ದೃಶ್ಯ ಸಾಧ್ಯವಾದದ್ದು ಇದರಿಂದಲೇ.

ಕೊಡೆಮರ ಅವರೇ, ಹಳೆಯ ಕೈಚಳಕದ ಮೋಹ ಎಂದಿರಿ. ಕ್ಲೇರ್ 1929ರಲ್ಲಿ ಲಂಡನ್ನಿಗೆ ಹೋಗಿ ಅಮೆರಿಕದ ಹೊಸ ಟಾಕಿಗಳನ್ನು ನೋಡಿ ಬಂದು ಬರೆದಿದ್ದಾರೆ. ಮಾತಿನ ಚಿತ್ರದ ಮೇಲೆ ಅವರಿಗೆ ಗುಮಾನಿ ಇತ್ತು, ಸದ್ದಿನ ಮೇಲೆ ಇರಲಿಲ್ಲ. ‘ಬ್ರಾಡ್‌ವೇ ಮೆಲೊಡಿ’ ಚಿತ್ರದ ಒಂದು ಗಳಿಗೆಯನ್ನು ಅವರು ಮನಸಾರೆ ಮೆಚ್ಚಿದ್ದರು. ನಟಿ ಬೆಸ್ಸಿ ಲವ್ ಕಿಟಕಿಯ ಬಳಿ ನಿಂತಿದ್ದಾಳೆ, ಕಾರಿನ ಬಾಗಿಲು ಮುಚ್ಚಿದ ಸದ್ದು, ಕಾರು ಹೊರಟುಹೋದ ಸದ್ದು ಕೇಳುತ್ತದೆ. ತೆರೆಯ ಮೇಲೆ ಅವಳ ಮುಖವಷ್ಟೇ ಇದೆ, ಕಾರು ಕಾಣುವುದೇ ಇಲ್ಲ. ಕಣ್ಣಿಗೆ ಒಂದು, ಕಿವಿಗೆ ಇನ್ನೊಂದು. ತಮ್ಮ ಚಿತ್ರದಲ್ಲಿ ಅವರು ಮಾಡಿದ್ದು ಅದನ್ನೇ, ಇನ್ನೂ ಧೈರ್ಯವಾಗಿ. ರಾತ್ರಿ ಕೋಣೆಯಲ್ಲಿ ದೀಪ ಆರಿದ ಮೇಲೆ ಆಲ್ಬೇರ್ ಮತ್ತು ಪೋಲಾ ಕತ್ತಲಲ್ಲೇ ಕಿತ್ತಾಡುವುದನ್ನು ನೆನಪಿಸಿಕೊಳ್ಳಿ. ತೆರೆ ಕಪ್ಪು, ದನಿ ಮಾತ್ರ. ಮೂಕಿ ಚಿತ್ರದಲ್ಲಿ ಅದನ್ನು ಮಾಡಲು ಹೇಗೆ ಸಾಧ್ಯ? ರೈಲು ಹಳಿಯ ಬದಿಯ ಹೊಡೆದಾಟದಲ್ಲಿ ರೈಲಿನ ಅಬ್ಬರ ಏಟಿನ ಸದ್ದನ್ನೂ ಕೂಗನ್ನೂ ನುಂಗಿಬಿಡುತ್ತದೆ. ಗೆಳೆಯರಿಬ್ಬರ ಜಗಳದ ಹಿಂದೆ ಗ್ರಾಮಾಫೋನಿನಲ್ಲಿ ರೊಸ್ಸಿನಿಯ ‘ವಿಲಿಯಂ ಟೆಲ್’ ಒಪೆರಾದ ಕುದುರೆ ಓಟದಂಥ ಸಂಗೀತ ಸವೆದ ತಟ್ಟೆಯ ಮೇಲೆ ಕರಕರ ಓಡುತ್ತದೆ. ಧ್ವನಿ ಎಂಬ ಹೊಸ ಸಾಧನವನ್ನು ಆ ವರ್ಷ ಇಷ್ಟು ಯೋಚಿಸಿ ಬಳಸಿದವರು ವಿರಳ.

ಒಂದು ಉಪಕಥೆಯನ್ನೂ ಹೇಳಿಬಿಡುತ್ತೇನೆ. ಚಿತ್ರಕ್ಕೆ ಹಣ ಹಾಕಿದ್ದು ಜರ್ಮನಿಯ ಟೋಬಿಸ್ ಕಂಪನಿಯ ಫ್ರೆಂಚ್ ಶಾಖೆ. ಆಗ ಧ್ವನಿಯಂತ್ರಗಳ ಪೇಟೆಂಟಿಗಾಗಿ ಜರ್ಮನರಿಗೂ ಅಮೆರಿಕನ್ನರಿಗೂ ಜಟಾಪಟಿ. 1930ರ ಜುಲೈನಲ್ಲಿ ಎರಡೂ ಕಡೆಯವರು ಪ್ಯಾರಿಸಿನಲ್ಲೇ ಕುಳಿತು ಜಗತ್ತಿನ ಮಾರುಕಟ್ಟೆಯನ್ನು ಪಾಲು ಮಾಡಿಕೊಂಡರು.

ಜಾತ್ರೆಯ ಓದುಗ, ಹುಬ್ಬಳ್ಳಿ

ಈ ಚರ್ಚೆಯಲ್ಲಿ ಹಾಡಿನ ಹಾಳೆಯ ಮಾತು ಬಂದಿತು, ಅಲ್ಲಿ ಸ್ವಲ್ಪ ನಿಲ್ಲಬೇಕು ಎನ್ನಿಸುತ್ತದೆ. ಪ್ಯಾರಿಸಿನ ಬೀದಿ ಹಾಡುಗಾರ ಕೈಚಾಚಿ ಬೇಡುವವನಲ್ಲ, ಸರಕು ಮಾರುವವನು. ಪ್ರಕಾಶಕರು ಹೊಸ ಹಾಡನ್ನು ಚಿಕ್ಕ ಹಾಳೆಗಳಲ್ಲಿ ಅಚ್ಚು ಹಾಕಿಸುತ್ತಿದ್ದರು, ಹಾಡುಗಾರರು ಮೂಲೆ ಮೂಲೆಗಳಲ್ಲಿ ನಿಂತು ಜನರಿಗೆ ಧಾಟಿ ಹಿಡಿಸುತ್ತಿದ್ದರು. ಧಾಟಿ ಬಂದವನು ಹಾಳೆ ಕೊಳ್ಳುತ್ತಾನೆ. ಮನೆಯಲ್ಲಿ ರೇಡಿಯೋ, ಗ್ರಾಮಾಫೋನ್ ಇಲ್ಲದವನಿಗೆ ಹೊಸ ಹಾಡು ತಲುಪುತ್ತಿದ್ದುದು ಹೀಗೆ.

ನಮ್ಮ ಕಡೆಯ ಜಾತ್ರೆ ಸಂತೆಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲಾವಣಿ, ತತ್ವಪದ, ಕೊಲೆ ಕಥೆಯ ಪದಗಳನ್ನು ಹಾಡಿ, ಅದೇ ಪದಗಳ ಅಗ್ಗದ ಪುಸ್ತಕ ಮಾರುವವರು ನಮ್ಮಲ್ಲಿಯೂ ಇದ್ದರು. ಟಾಕೀಸಿನ ಬಾಗಿಲಲ್ಲಿ ಕಥಾಸಾರವನ್ನೂ ಹಾಡುಗಳನ್ನೂ ಒಟ್ಟಿಗೆ ಅಚ್ಚು ಹಾಕಿದ ಪುಸ್ತಿಕೆ ಮಾರುವ ಪದ್ಧತಿ ಬಹಳ ಕಾಲ ನಡೆಯಿತು.

ಈ ಚಿತ್ರ ನೋಡುವಾಗ ನನ್ನ ಕರುಳು ಹಿಂಡಿದ ಸಂಗತಿ ಬೇರೆಯೇ ಇದೆ. ಮೂಕಿ ಚಿತ್ರಮಂದಿರಗಳಲ್ಲಿ ತೆರೆಯ ಮುಂದೆ ಕುಳಿತು ನುಡಿಸುವವರು ಇರುತ್ತಿದ್ದರು. ಅಲ್ಲಿ ಪಿಯಾನೋ, ಪಿಟೀಲು, ದೊಡ್ಡ ಮಂದಿರವಾದರೆ ಇಡೀ ವಾದ್ಯವೃಂದ. ಇಲ್ಲಿ ಹಾರ್ಮೋನಿಯಂ, ತಬಲಾ. ಟಾಕಿ ಬಂದದ್ದೇ ತಡ ಅವರೆಲ್ಲ ಕೆಲಸ ಕಳೆದುಕೊಂಡರು. ಅಮೆರಿಕದಲ್ಲಿ ಸಂಗೀತಗಾರರ ಒಕ್ಕೂಟ ಡಬ್ಬಿಯಲ್ಲಿ ತುಂಬಿದ ಸಂಗೀತ ಬೇಡವೆಂದು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು ಹೋರಾಡಿತು, ಗೆಲ್ಲಲಿಲ್ಲ. ಬೀದಿ ಹಾಡುಗಾರನ ಹಾಳೆಯ ವ್ಯಾಪಾರವನ್ನೂ ಮುಂದೆ ತಿಂದದ್ದು ರೇಡಿಯೋ, ಗ್ರಾಮಾಫೋನ್ ತಟ್ಟೆ ಮತ್ತು ಟಾಕಿಯ ಹಾಡು. ಹಾಗೆ ನೋಡಿದರೆ ಆಲ್ಬೇರನನ್ನು ಇಷ್ಟು ಪ್ರೀತಿಯಿಂದ ತೋರಿಸಿದ ಚಿತ್ರವೇ ಅವನ ಕಸುಬನ್ನು ಮುಗಿಸಿದ ಯಂತ್ರದ ಒಂದು ಭಾಗ. ರೌಲ್ ಮೊರೆತ್ತಿ ರಾಗ ಹಾಕಿದ ಆ ಶೀರ್ಷಿಕೆ ಗೀತೆ ಊರೂರು ಸುತ್ತಿದ್ದು ಚಿತ್ರದ ಬಲದಿಂದ, ಯಾವ ಬೀದಿ ಗಾಯಕನ ಗಂಟಲಿನಿಂದಲೂ ಅಲ್ಲ.

ನಸುಗೆಂಪು

ಓದುಗ ಸರ್, ನೀವು ಹೇಳಿದ ಈ ಕೊನೆಯ ಮಾತು ಚಿತ್ರದ ಮುಕ್ತಾಯವನ್ನು ನನಗೆ ಬೇರೆ ರೀತಿಯಲ್ಲಿ ತೋರಿಸಿತು. ಕೊನೆಗೆ ಆಲ್ಬೇರನ ಬಳಿ ಹುಡುಗಿಯಿಲ್ಲ, ಗೆಳೆಯ ದೂರವಾಗಿದ್ದಾನೆ, ಉಳಿದಿರುವುದು ಹಾಡು ಮತ್ತು ಸುತ್ತ ನಿಂತ ಅಪರಿಚಿತರು. ಇನ್ನು ಕೆಲವೇ ವರ್ಷಗಳಲ್ಲಿ ಆ ಅಪರಿಚಿತರೂ ಅವನನ್ನು ಬಿಟ್ಟು ಹೋಗುವವರು.

ಸ್ಟುಡಿಯೋದ ಪ್ಯಾರಿಸ್ ಬಗ್ಗೆ ಹೇಳುವುದಾದರೆ, ಆ ಓಣಿಯನ್ನು ಕಟ್ಟಿದ್ದು ಲಾಜಾರ್ ಮೀರ್ಸೋನ್, ರಷ್ಯಾ ಸಾಮ್ರಾಜ್ಯದಲ್ಲಿ ಹುಟ್ಟಿ ಫ್ರಾನ್ಸಿಗೆ ವಲಸೆ ಬಂದ ಕಲಾನಿರ್ದೇಶಕರು. ಅವರ ಕೈಕೆಳಗೆ ಕೆಲಸ ಮಾಡಿದ ಹಂಗೇರಿಯ ಅಲೆಕ್ಸಾಂಡರ್ ಟ್ರೌನರ್ ಮುಂದೆ ಹಾಲಿವುಡ್ಡಿಗೆ ಹೋಗಿ ಆಸ್ಕರ್ ಪಡೆದರು. ಮೀರ್ಸೋನ್ ಮಾತ್ರ 1938ರಲ್ಲೇ, ನಡುವಯಸ್ಸಿಗೂ ಮುನ್ನ ತೀರಿಕೊಂಡರು. ಪರಊರಿನಿಂದ ಬಂದವರು ಕಟ್ಟಿದ ಪ್ಯಾರಿಸ್ ಅದು. ಅದರ ನಾಯಕಿಯೂ ಪರಊರಿನವಳು. ಬಡತನ ಒಪ್ಪವಾಗಿದೆ ಎಂಬ ಕೊಡೆಮರ ಅವರ ಮಾತು ಸರಿ. ಆದರೆ ಇಡೀ ಕಟ್ಟಡ ಒಂದೇ ಹಾಡನ್ನು ಗುನುಗುವ ದೃಶ್ಯವನ್ನು ನಿಜವಾದ ಕಟ್ಟಡದಲ್ಲಿ ತೆಗೆಯಲು ಬರುತ್ತಿರಲಿಲ್ಲ. ಆ ಗೋಡೆ ಹಾಡಿನ ಅಳತೆಗೆ ಕಟ್ಟಿದ್ದು.

ಸೇನ್ ದಂಡೆ

ಕೆಲವು ವರ್ಷಗಳಿಂದ ಪ್ಯಾರಿಸಿನಲ್ಲಿ ಇದ್ದೇನೆ, ಇಲ್ಲಿಯ ಈಗಿನ ಸ್ಥಿತಿಯನ್ನು ತಿಳಿಸಬಹುದೆಂದು ಬರೆಯುತ್ತಿದ್ದೇನೆ. ಹಾಳೆ ಮಾರುವ ಗಾಯಕರು ಈಗ ಇಲ್ಲ. ಆದರೆ ಸಂಗೀತಗಾರರು ಮೆಟ್ರೋ ಸುರಂಗಗಳಲ್ಲಿ ಇದ್ದಾರೆ. ಮೆಟ್ರೋ ಸಂಸ್ಥೆ 1997ರಿಂದ ಅವರಿಗೆ ಪರೀಕ್ಷೆ ಇಟ್ಟು, ಹಾಡು ಕೇಳಿ, ಆಯ್ಕೆಯಾದವರಿಗೆ ಅನುಮತಿ ಪತ್ರ ಕೊಡುತ್ತದೆ. ಒಂದು ಸಲಕ್ಕೆ ಸುಮಾರು 300 ಜನರಿಗೆ ಅವಕಾಶ. ಅಕಾರ್ಡಿಯನ್ ಹೊತ್ತು ರೈಲು ಡಬ್ಬಿಯೊಳಗೇ ಹತ್ತಿ ನುಡಿಸುವವರಿಗೆ ಪತ್ರವೂ ಇಲ್ಲ, ಅನುಮತಿಯೂ ಇಲ್ಲ. ಅವರಲ್ಲಿ ಅನೇಕರು ಪೂರ್ವ ಯೂರೋಪಿನಿಂದ ಬಂದವರು. ಪೋಲಾ ರುಮೇನಿಯಾದವಳು ಎಂದಾಗ ನನಗೆ ಅವರೇ ಕಣ್ಣಿಗೆ ಕಟ್ಟಿದರು.

ಚಿತ್ರ ಗೆದ್ದ ಬಗೆಯೂ ಕುತೂಹಲದ್ದು. ಪ್ಯಾರಿಸಿನಲ್ಲಿ 1930ರ ವಸಂತದಲ್ಲಿ ಮೂಲಾಂ ರೂಜ್ ಚಿತ್ರಮಂದಿರದಲ್ಲಿ ಬಿಡುಗಡೆಯಾದಾಗ ಇಲ್ಲಿಯವರು ಅಷ್ಟಾಗಿ ಕಿವಿಗೊಡಲಿಲ್ಲ. ಆಗಸ್ಟಿನಲ್ಲಿ ಬರ್ಲಿನ್ನಿನಲ್ಲಿ ತೆರೆಕಂಡಾಗ ಜನ ಮುಗಿಬಿದ್ದರು. ಆ ಸುದ್ದಿ ಬಂದ ಮೇಲೆ ಪ್ಯಾರಿಸಿನವರೂ ಮತ್ತೆ ನೋಡಿದರು, ಅಲ್ಲಿಂದ ಹೊರದೇಶಗಳಿಗೆಲ್ಲ ಹೋಯಿತು. ಮಾತು ಕಡಿಮೆ ಇದ್ದದ್ದರಿಂದ ಅದಕ್ಕೆ ಗಡಿ ದಾಟುವುದು ಸುಲಭವಾಯಿತು. ಆ ಕಾಲಕ್ಕೆ ಬೇರೆ ನಿರ್ಮಾಪಕರು ಒಂದೇ ಚಿತ್ರವನ್ನು ಹಲವು ಭಾಷೆಗಳಲ್ಲಿ ಬೇರೆ ಬೇರೆ ನಟರನ್ನು ಹಾಕಿ ಮತ್ತೆ ಮತ್ತೆ ಚಿತ್ರೀಕರಿಸುತ್ತಿದ್ದರು.

ಮಲ್ಲಿಗೆಬನ

ಎಲ್ಲರೂ ಹಾಡು, ಸದ್ದು, ಸೂರು ಎನ್ನುತ್ತಿದ್ದೀರಿ. ಪೋಲಾಳ ಬಗ್ಗೆ ಒಬ್ಬರಾದರೂ ಬರೆಯುತ್ತೀರಿ ಎಂದು ಕಾಯುತ್ತಿದ್ದೆ.

ಅವಳನ್ನು ಮನೆಯವರೆಗೆ ಯಾರು ಬಿಟ್ಟುಬರಬೇಕು ಎಂಬುದನ್ನು ಆಲ್ಬೇರ್ ಮತ್ತು ಲೂಯಿ ದಾಳ ಉರುಳಿಸಿ ತೀರ್ಮಾನಿಸುತ್ತಾರೆ. ಫ್ರೆಡ್ ಅವಳ ಮನೆಯ ಬೀಗದ ಕೈಯನ್ನೇ ಕದಿಯುತ್ತಾನೆ. ಮನೆಗೆ ಹೋಗಲು ಹೆದರಿ ಅವಳು ಆಲ್ಬೇರನ ಕೋಣೆಗೆ ಬಂದರೆ, ಅವನೂ ಮೊದಲು ಸಭ್ಯನಾಗಿ ನಡೆದುಕೊಳ್ಳುವುದಿಲ್ಲ. ಕತ್ತಲೆಯ ಆ ಜಗಳವನ್ನು ಧ್ವನಿಪೆಟ್ಟಿಗೆ ಅವರು ಧ್ವನಿಯ ಚಮತ್ಕಾರವೆಂದು ಮೆಚ್ಚಿದರು. ನನಗೆ ಅಲ್ಲಿ ಕೇಳಿಸಿದ್ದು, ಹೋಗಲು ಬೇರೆ ಜಾಗವಿಲ್ಲದ ಹೆಣ್ಣೊಬ್ಬಳು ತನ್ನನ್ನು ತಾನು ಕಾಪಾಡಿಕೊಳ್ಳುವ ಸದ್ದು. ಕೊನೆಗೆ ಮಂಚದ ಆ ಬದಿಗೆ ಒಬ್ಬರು ಈ ಬದಿಗೆ ಒಬ್ಬರು ನೆಲದ ಮೇಲೆ ಮಲಗುತ್ತಾರೆ, ಪ್ರೇಕ್ಷಕರು ನಗುತ್ತಾರೆ. ನನಗೆ ನಗು ಬರಲಿಲ್ಲ.

ಇಡೀ ಓಣಿ ಹಾಡುತ್ತದೆ, ಆ ಓಣಿಯ ಹೆಣ್ಣುಮಕ್ಕಳೂ ಗುನುಗುತ್ತಾರೆ. ಆದರೆ ಬೀದಿಯ ನಡುವೆ ನಿಂತು ಹಾಡುವ ಹೆಣ್ಣು ಈ ಚಿತ್ರದಲ್ಲಿ ಇಲ್ಲ. ಅದೇ ವರ್ಷಗಳಲ್ಲಿ ಪ್ಯಾರಿಸಿನ ನಿಜವಾದ ಬೀದಿಗಳಲ್ಲಿ, ಮುಂದೆ ಹೆಸರಾಂತ ಗಾಯಕಿಯಾದ ಎಡಿತ್ ಪಿಯಾಫ್ ಹದಿಹರೆಯದ ಹುಡುಗಿಯಾಗಿ ಹಾಡುತ್ತಾ ಅಲೆಯುತ್ತಿದ್ದರು. 1935ರಲ್ಲಿ ಲೂಯಿ ಲೆಪ್ಲೆ ಎಂಬ ಕ್ಯಾಬರೆ ಮಾಲೀಕರು ಅವರ ಹಾಡನ್ನು ಕೇಳಿದ್ದು ಬೀದಿಯ ಮೂಲೆಯಲ್ಲಿಯೇ. ಆ ಪ್ಯಾರಿಸ್ ಕ್ಲೇರ್ ಅವರ ಸ್ಟುಡಿಯೋದೊಳಗೆ ಬರಲಿಲ್ಲ. ನಿಜವಾದ ಊರಿಗೆ ಇಳಿಯದಿದ್ದರೆ ಏನು ತಪ್ಪುತ್ತದೆ ಎಂಬ ಕೊಡೆಮರ ಅವರ ಪ್ರಶ್ನೆಗೆ ಇದೂ ಒಂದು ಉತ್ತರ.

ಕೊಡೆಮರ

ಮಲ್ಲಿಗೆಬನ ಮೇಡಂ, ನಾನು ಸೋರದ ಕೋಣೆಯ ಬಗ್ಗೆ ಹೇಳಿದೆ, ನೀವು ಅದಕ್ಕಿಂತ ಆಳದಲ್ಲಿದ್ದದ್ದನ್ನು ತೆಗೆದಿರಿ. ಧ್ವನಿಪೆಟ್ಟಿಗೆಯವರ ವಿವರಣೆ ಓದಿದ ಮೇಲೆ ಕ್ಯಾಮೆರಾದ ಬಗ್ಗೆ ನನ್ನ ಗೌರವ ಹೆಚ್ಚಿದೆ, ಚಿತ್ರದ ನಡುಭಾಗದ ಬಗ್ಗೆ ಹೆಚ್ಚಿಲ್ಲ. ಆಲ್ಬೇರ್ ಸೆರೆಮನೆಯಲ್ಲಿರುವ ಭಾಗ ಈಗಲೂ ಸೊರಗಿದ್ದು ಎಂದೇ ಹೇಳುತ್ತೇನೆ. ಹಾಡುಗಾರ ಬೀದಿಯಲ್ಲಿ ಇಲ್ಲದಾಗ ಚಿತ್ರಕ್ಕೆ ತಾನೆಲ್ಲಿ ಹೋಗಬೇಕೆಂದು ಗೊತ್ತಾಗುವುದಿಲ್ಲ.

ಜಾತ್ರೆಯ ಓದುಗ, ಹುಬ್ಬಳ್ಳಿ

ಹೋಲಿಕೆಗೆಂದು ನಮ್ಮಲ್ಲಿ ಆಗ ಏನಾಗುತ್ತಿತ್ತು ಎಂಬುದನ್ನೂ ನೋಡಬಹುದು. ಭಾರತದ ಮೊದಲ ಟಾಕಿ ‘ಆಲಂ ಆರಾ’ 1931ರ ಮಾರ್ಚ್ 14ರಂದು ಮುಂಬಯಿಯಲ್ಲಿ ಬಂದಿತು. ಮರುವರ್ಷದ ‘ಇಂದ್ರಸಭಾ’ದಲ್ಲಿ ಎಪ್ಪತ್ತರಷ್ಟು ಹಾಡುಗಳು. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ 1934ರದು, ಚಿತ್ರೀಕರಣ ಕೊಲ್ಹಾಪುರದಲ್ಲಿ. ಇವುಗಳ ಬೇರು ಕಂಪನಿ ನಾಟಕದಲ್ಲಿತ್ತು, ಪಾತ್ರವೇ ಎದ್ದು ನಿಂತು ಪ್ರೇಕ್ಷಕರಿಗೆ ಹಾಡುವ ಸಂಪ್ರದಾಯ ಅದು. ಕ್ಲೇರ್ ಅವರಲ್ಲಿ ಹಾಡು ಕಥೆಯೊಳಗಿನ ಒಂದು ವಸ್ತು. ಅದನ್ನು ಕೊಳ್ಳಬಹುದು, ಕಲಿಯಬಹುದು, ಮೇಲಿನ ಅಂತಸ್ತಿನವರ ಬಾಯಲ್ಲಿ ಕೇಳಿ ಬೇಸತ್ತು ಕಿಟಕಿ ಮುಚ್ಚಿಕೊಳ್ಳಬಹುದು. ಎರಡರಲ್ಲಿ ಯಾವುದು ಮೇಲು ಎಂದು ತೂಗುವುದಕ್ಕೆ ಇದನ್ನು ಬರೆಯುತ್ತಿಲ್ಲ, ಎರಡೂ ಬೇರೆ ಬೇರೆ ದಾರಿ.

ಧ್ವನಿಪೆಟ್ಟಿಗೆ

ಮಲ್ಲಿಗೆಬನ ಅವರೇ, ಆ ಕತ್ತಲ ದೃಶ್ಯವನ್ನು ಇನ್ನು ಮುಂದೆ ನೀವು ಹೇಳಿದ ಕಿವಿಯಿಂದಲೂ ಕೇಳುತ್ತೇನೆ. ಕಾಣದೆ ಕೇಳುವಾಗ ನಾವು ಯಾರ ಪರವಾಗಿ ಕೇಳುತ್ತೇವೆ ಎಂಬುದು ಕಲಿಯುವವರಿಗೆ ಕೇಳಬೇಕಾದ ಪ್ರಶ್ನೆ.

ನಮ್ಮ ನಾಡಿಗೆ ಸಂಬಂಧಿಸಿದ ಒಂದು ನಂಟು ಹೇಳಿದರೆ ನಿಮಗೆಲ್ಲ ಇಷ್ಟವಾದೀತು. ಈ ಚಿತ್ರದ ಛಾಯಾಗ್ರಾಹಕ ಜಾರ್ಜ್ ಪೆರಿನಾಲ್ ಮುಂದೆ ಲಂಡನ್ನಿಗೆ ಹೋದರು, 1940ರ ‘ಬಾಗ್ದಾದಿನ ಕಳ್ಳ’ ಚಿತ್ರಕ್ಕೆ ಆಸ್ಕರ್ ಪಡೆದರು. ಆ ಚಿತ್ರದಲ್ಲಿ ಕಳ್ಳ ಹುಡುಗನಾಗಿ ನಟಿಸಿದ್ದು ಮೈಸೂರು ಸೀಮೆಯ ಕಾರಾಪುರದಲ್ಲಿ ಮಾವುತರ ಮನೆಯಲ್ಲಿ ಹುಟ್ಟಿದ ಸಾಬು. ಪ್ಯಾರಿಸಿನ ಹೊಗೆಗೂಡುಗಳ ಮೇಲೆ ಬೂದುಬಣ್ಣದ ಬೆಳಕು ಹರಡಿದ ಕೈಯೇ ಹತ್ತು ವರ್ಷಗಳ ಅನಂತರ ನಮ್ಮ ಸಾಬುವನ್ನು ಬಣ್ಣದಲ್ಲಿ ಹಿಡಿಯಿತು.

ನಸುಗೆಂಪು

ಈ ನಂಟು ನನಗೆ ಗೊತ್ತಿರಲಿಲ್ಲ, ಕೇಳಿ ತುಂಬ ಸಂತೋಷವಾಯಿತು.

ಮಲ್ಲಿಗೆಬನ ಅವರಿಗೆ ನನ್ನ ಉತ್ತರ ಇಷ್ಟು. ಹೆಣ್ಣು ಹಾಡುಗಾರ್ತಿಗೆ ಜಾಗ ಕೊಟ್ಟಿಲ್ಲ ಎಂಬುದನ್ನು ಪೂರ್ತಿ ಒಪ್ಪುತ್ತೇನೆ. ದಾಳದ ವಿಷಯದಲ್ಲಿ ಮಾತ್ರ ನಮ್ಮಿಬ್ಬರ ಓದು ಬೇರೆ. ಕೊನೆಯಲ್ಲಿ ಮತ್ತೆ ದಾಳ ಕೈಗೆ ಬಂದಾಗ ಆಲ್ಬೇರನಿಗೆ ಅರ್ಥವಾಗಿರುತ್ತದೆ, ಪೋಲಾ ಆಗಲೇ ತನ್ನ ಮನಸ್ಸನ್ನು ನಿರ್ಧರಿಸಿದ್ದಾಳೆ, ಉರುಳಿಸಲು ಏನೂ ಉಳಿದಿಲ್ಲ ಎಂದು. ಮೊದಲು ಆಟವಾಗಿದ್ದದ್ದು ಆಗ ಅವನಿಗೆ ಆಟವಲ್ಲ. ಆಲ್ಬೇರನ ಪಾತ್ರ ಮಾಡಿದ ನಟ ಪ್ರೆಜಾನ್ ಆ ಗಳಿಗೆಯನ್ನು ಒಂದು ಮಾತೂ ಹೆಚ್ಚಿಗೆ ಆಡದೆ ನಟಿಸಿದ್ದಾರೆ.

ಮಲ್ಲಿಗೆಬನ

ಅವನಿಗೆ ಅರ್ಥವಾಯಿತು, ನಿಜ. ಆದರೆ ಪೋಲಾಳ ಮನಸ್ಸು ಬದಲಾದದ್ದು ಯಾವಾಗ, ಯಾಕೆ ಎಂಬ ದೃಶ್ಯ ಚಿತ್ರದಲ್ಲಿ ಎಷ್ಟು ಹೊತ್ತು ಇದೆ ಎಂದು ಮತ್ತೆ ನೋಡುವಾಗ ಗಮನಿಸಿ. ಆಲ್ಬೇರ್ ಸೆರೆಮನೆಯಲ್ಲಿರುವ ಆ ಭಾಗ ಸೊರಗಿದೆ ಎಂದು ಕೊಡೆಮರ ಅವರು ಬರೆದರಲ್ಲ, ಅದು ಪೋಲಾಳ ಭಾಗವಾಗಬೇಕಿತ್ತು. ಅವಳು ಒಬ್ಬಳೇ ಊರಿನಲ್ಲಿ ಇದ್ದದ್ದು ಆಗಲೇ.

ಕೊಡೆಮರ

ಇದನ್ನು ಓದಿದ ಮೇಲೆ ಆ ಭಾಗವನ್ನು ಮತ್ತೊಮ್ಮೆ ನೋಡಲೇಬೇಕು. ಇಂಗ್ಲಿಷ್ ಅಡಿಬರಹವಿರುವ ಒಳ್ಳೆಯ ಪ್ರತಿ ಯಾರ ಬಳಿಯಾದರೂ ಇದ್ದರೆ ತಿಳಿಸಿ. ಮುಂದಿನ ಭಾನುವಾರ ಎಲ್ಲರೂ ನೋಡಿ ಪೋಲಾಳ ದೃಶ್ಯಗಳ ಮೇಲೆಯೇ ಮಾತು ಮುಂದುವರಿಸೋಣ.